ನಕಲು ಕೋಡ್: ಅಳಿಸಬೇಕೇ, ಇರಲು ಬಿಡಬೇಕೇ?

ಹೇವರ್ಡ್‌ನಲ್ಲಿ ಮನೆ ಮಾಡಿಕೊಂಡು ಸ್ಯಾನ್ ಮಟೇಯೊ ಸೇತುವೆಯಾಚೆಯ ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿಯುವ ಕನ್ನಡಿಗರಿಗೆ ಈ ವಾದ ಹೊಸದಲ್ಲ. ಒಂದೇ ಬಗೆಯ ಕೋಡ್ ಮೂರು ನಾಲ್ಕು ಕಡೆ ಕಂಡಾಗ ಅದನ್ನು ಒಂದು ಫಂಕ್ಷನ್ ಮಾಡಿ ಉಳಿದುದನ್ನು ಅಳಿಸಬೇಕೇ, ಇದ್ದಲ್ಲೇ ಇರಲು ಬಿಡಬೇಕೇ? ಕೋಡ್ ರಿವ್ಯೂಗಳಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ. ಎರಡೂ ಕಡೆ ಪಳಗಿದವರಿದ್ದಾರೆ. ಇಬ್ಬರ ವಾದಕ್ಕೂ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಈ ಪ್ರದೇಶದಲ್ಲೇ ನಿದರ್ಶನಗಳಿವೆ.

ಅಳಿಸಬೇಕೆನ್ನುವವರ ವಾದಕ್ಕೆ ಗಟ್ಟಿ ಬುನಾದಿಯಿದೆ. ಆಂಡ್ರ್ಯೂ ಹಂಟ್ ಮತ್ತು ಡೇವಿಡ್ ಥಾಮಸ್ ಅವರ ‘ದಿ ಪ್ರಾಗ್ಮ್ಯಾಟಿಕ್ ಪ್ರೋಗ್ರಾಮರ್’, ಮಾರ್ಟಿನ್ ಫೌಲರ್ ಅವರ ‘ರೀಫ್ಯಾಕ್ಟರಿಂಗ್’ ಎರಡೂ 1999ರಲ್ಲಿ ಬಂದವು. ಎರಡೂ ಪುಸ್ತಕಗಳು ನಕಲನ್ನು ದೊಡ್ಡ ದೋಷಗಳ ಸಾಲಿನಲ್ಲಿಟ್ಟವು. ಐದು ಕಡೆ ಅಂಟಿಸಿದ ಕೋಡಿನಲ್ಲಿ ತಪ್ಪು ಕಂಡರೆ ನಾಲ್ಕು ಕಡೆ ತಿದ್ದಿ ಐದನೆಯದನ್ನು ಮರೆಯುವುದು ಸಹಜ. 2004ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಒಂದು ಸಮ್ಮೇಳನದಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು ‘ಸಿಪಿ-ಮೈನರ್’ ಎಂಬ ಸಾಧನವನ್ನು ಮಂಡಿಸಿದರು. ಅದು ಲಿನಕ್ಸ್‌ನಲ್ಲಿ ಕಾಪಿ-ಪೇಸ್ಟ್‌ನಿಂದ ಹುಟ್ಟಿದ 28 ದೋಷಗಳನ್ನೂ ಫ್ರೀಬಿಎಸ್‌ಡಿಯಲ್ಲಿ 23 ದೋಷಗಳನ್ನೂ ಹಿಡಿದಿತ್ತು. ಅಂಟಿಸಿದ ಮೇಲೆ ವೇರಿಯಬಲ್‌ನ ಹೆಸರನ್ನು ಒಂದು ಕಡೆ ಬದಲಿಸಿ ಇನ್ನೊಂದು ಕಡೆ ಬಿಟ್ಟುಬಿಡುವಂಥ ತಪ್ಪುಗಳನ್ನು ಕಣ್ಣೋಟದ ರಿವ್ಯೂ ಹಿಡಿಯುವುದು ಕಷ್ಟ.

ಇರಲಿ ಬಿಡಿ ಎನ್ನುವವರು ಇದನ್ನು ಅಲ್ಲಗಳೆಯುವುದಿಲ್ಲ. ಅವರ ಆಕ್ಷೇಪ ಇರುವುದು ‘ನಕಲು’ ಎಂದು ತೀರ್ಮಾನಿಸುವ ಬಗೆಗೆ. ಪತ್ತೆ ಸಾಧನಗಳಲ್ಲಿ ಹಲವು ಕೋಡನ್ನು ಟೋಕನ್‌ಗಳಾಗಿ ಒಡೆದು, ಹೆಸರುಗಳನ್ನು ಬದಿಗಿಟ್ಟು, ಉಳಿದ ಆಕಾರವನ್ನು ಹೋಲಿಸುತ್ತವೆ. ಒಂದು ಕಂಪನಿಯ ಉದ್ಯೋಗಿ ಸಂಖ್ಯೆ ಐದು ಅಂಕೆಯದು ಎನ್ನೋಣ. ಹೇವರ್ಡ್‌ನ 94541ರಂತೆ ಅಮೆರಿಕದ ಜಿಪ್ ಕೋಡ್ ಕೂಡ ಐದು ಅಂಕೆಯದೇ. ಎರಡನ್ನೂ ತಪಾಸಣೆ ಮಾಡುವ ಫಂಕ್ಷನ್‌ಗಳು ಸಾಧನದ ಕಣ್ಣಿಗೆ ಒಂದೇ. ಅವನ್ನು ಒಂದಾಗಿಸಿದ ಮೇಲೆ ಕಂಪನಿ ಬೆಂಗಳೂರಿನ ಗ್ರಾಹಕರಿಗೂ ಸೇವೆ ಕೊಡಲು ಹೊರಟರೆ ಆರಂಕಿಯ ಪಿನ್ ಕೋಡ್ ಎದುರಾಗುತ್ತದೆ. ಆಗ ಒಂದು ಫ್ಲ್ಯಾಗ್, ಮುಂದೆ ಇನ್ನೊಂದು ದೇಶ ಬಂದಾಗ ಮತ್ತೊಂದು ಫ್ಲ್ಯಾಗ್. ಕೊನೆಗೆ ಆ ಫಂಕ್ಷನ್ ಮುಟ್ಟಲು ಎಲ್ಲರೂ ಹಿಂಜರಿಯುತ್ತಾರೆ. ವಾಟರ್‌ಲೂ ವಿಶ್ವವಿದ್ಯಾಲಯದ ಕೋರಿ ಕ್ಯಾಪ್ಸರ್ ಮತ್ತು ಮೈಕೆಲ್ ಗಾಡ್‌ಫ್ರೇ ಅವರು 2006ರಲ್ಲಿ ಎಲ್ಲ ನಕಲೂ ಹಾನಿಕರವೆಂಬ ನಂಬಿಕೆಯನ್ನೇ ಪ್ರಶ್ನಿಸಿದರು. ತಿಳಿದೇ ಮಾಡಿದ ನಕಲು ಎಷ್ಟೋ ಸಲ ಸಮಂಜಸ ವಿನ್ಯಾಸವೆಂಬುದು ಅವರ ನಿಲುವು.

ಮೊದಲ ಪಕ್ಷದವರು ಆಗ 2014ರ ಫೆಬ್ರವರಿಯನ್ನು ನೆನಪಿಸುತ್ತಾರೆ. ಕುಪರ್ಟಿನೊದ ಆ್ಯಪಲ್ ಕಂಪನಿಯ ಭದ್ರತಾ ಕೋಡಿನಲ್ಲಿ ಹೆಚ್ಚುಕಡಿಮೆ ಒಂದೇ ರೀತಿಯ ‘ಇಫ್’ಗಳ ಸಾಲಿತ್ತು. ಪ್ರತಿಯೊಂದರ ಕೆಳಗೂ ‘ಗೋಟು ಫೇಲ್’ ಎಂಬ ಸಾಲು. ಒಂದು ಕಡೆ ಮಾತ್ರ ಅದು ಎರಡು ಸಲ ಬಂದಿತ್ತು. ಬ್ರೇಸ್‌ಗಳಿಲ್ಲದ್ದರಿಂದ ಎರಡನೆಯದು ಯಾವ ಷರತ್ತಿಗೂ ಒಳಪಡದೆ ನಡೆದು, ಸಹಿಯ ಪರಿಶೀಲನೆಯನ್ನೇ ಹಾರಿಸಿಬಿಡುತ್ತಿತ್ತು. ಇದು ನಕಲಿಗೆ ಶುದ್ಧ ಉದಾಹರಣೆಯಲ್ಲವೆಂದು ಒಪ್ಪಲೇಬೇಕು. ಬ್ರೇಸ್ ಕಡ್ಡಾಯ ಮಾಡಿದ್ದರೂ ಈ ದೋಷ ತಪ್ಪುತ್ತಿತ್ತು. ಆದರೂ ಒಂದೇ ಥರದ ಸಾಲುಗಳ ನಡುವೆ ಹೆಚ್ಚಿನದೊಂದು ಸಾಲು ಎಷ್ಟು ಸುಲಭವಾಗಿ ಅಡಗುತ್ತದೆಂಬುದಕ್ಕೆ ಇದು ಸಾಕ್ಷಿ.

ಎದುರು ಪಕ್ಷದ ಬಲವಾದ ನಿದರ್ಶನ ಹೇವರ್ಡ್‌ನ ನೆರೆಯ ಓಕ್‌ಲ್ಯಾಂಡ್‌ನದು. ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳನ್ನು ಹಂಚುವ ಎನ್‌ಪಿಎಂ ಕಂಪನಿ ಇದ್ದುದು ಅಲ್ಲಿ. 2016ರ ಮಾರ್ಚ್‌ನಲ್ಲಿ ಹೆಸರಿನ ತಕರಾರೊಂದರಿಂದ ಬೇಸತ್ತ ಡೆವಲಪರ್ ತನ್ನ ಪ್ಯಾಕೇಜುಗಳನ್ನೆಲ್ಲ ಎನ್‌ಪಿಎಂನಿಂದ ತೆಗೆದುಹಾಕಿದ. ಅವುಗಳಲ್ಲಿ ‘ಲೆಫ್ಟ್-ಪ್ಯಾಡ್’ ಒಂದು. ಅಕ್ಷರಗಳ ಎಡಕ್ಕೆ ಖಾಲಿ ಜಾಗ ತುಂಬುವ ಹನ್ನೊಂದು ಸಾಲಿನ ಕೋಡ್. ಬೇಬಲ್‌ನಂಥ ಹೆಸರಾಂತ ಸಾಧನವೂ ಸೇರಿ ಅದನ್ನು ನೆಚ್ಚಿದ್ದ ಅಸಂಖ್ಯ ಬಿಲ್ಡ್‌ಗಳು ಮುರಿದುಬಿದ್ದವು. ಎನ್‌ಪಿಎಂ ಕೆಲವೇ ಗಂಟೆಗಳಲ್ಲಿ ಅದನ್ನು ಮರಳಿ ತಂದಿತು. ಆ ಸಾಲುಗಳನ್ನು ನಕಲಿಸಿಕೊಂಡವರಿಗೆ ಅಂದು ತೊಂದರೆಯೇ ಇರಲಿಲ್ಲ.

ಅದು ಹೊರಗಿನ ಪ್ಯಾಕೇಜಿನ ಮಾತು, ನಮ್ಮದೇ ರೆಪಾಸಿಟರಿಯೊಳಗೆ ಆ ಭಯವಿಲ್ಲ ಎಂಬ ಉತ್ತರ ಬಹುಮಟ್ಟಿಗೆ ಸರಿ. ಆದರೆ ಪೂರ್ತಿ ಸರಿಯಲ್ಲ. ಕಂಪನಿಯೊಳಗಿನ ಹಂಚಿಕೆಯ ಲೈಬ್ರರಿಯೂ ತಂಡಗಳನ್ನು ಒಂದಕ್ಕೊಂದು ಕಟ್ಟಿಹಾಕುತ್ತದೆ. ಒಬ್ಬರ ತಿದ್ದುಪಡಿಗೆ ನಾಲ್ವರ ಟೆಸ್ಟ್‌ಗಳು ಕಾಯಬೇಕು. ಹಾಗೆಯೇ, ನಕಲಿಸಿಕೊಂಡವರು ಸ್ವತಂತ್ರರಾದರೂ ಮುಂದೆ ಮೂಲದಲ್ಲಿ ಭದ್ರತಾ ದೋಷ ಸಿಕ್ಕಾಗ ಆ ಸುದ್ದಿ ಅವರಿಗೆ ತಲುಪುವ ಖಾತ್ರಿಯಿಲ್ಲ. ಎರಡರಲ್ಲೂ ಸಾಲವಿದೆ, ತೀರಿಸುವ ಕಾಲ ಮಾತ್ರ ಬೇರೆ.

ಇಷ್ಟನ್ನೂ ತೂಗಿದಾಗ, ಪತ್ತೆ ಮತ್ತು ಅಳಿಸುವಿಕೆಯನ್ನು ಬೇರೆ ಬೇರೆ ನಿರ್ಧಾರಗಳೆಂದು ಎಣಿಸುವುದು ವಿವೇಕವೆನಿಸುತ್ತದೆ. ಪತ್ತೆಯನ್ನು ಯಂತ್ರಕ್ಕೆ ಬಿಟ್ಟು ನಿಯಮಿತವಾಗಿ ನಡೆಸಬಹುದು. ಎಲ್ಲೆಲ್ಲಿ ನಕಲಿದೆಯೆಂದು ತಿಳಿದಿರುವುದರಿಂದ ನಷ್ಟ ಕಡಿಮೆ. ಆದರೆ ಆ ಪಟ್ಟಿಯನ್ನೇ ಆಜ್ಞೆಯೆಂದು ಭಾವಿಸಿ, ನಕಲಿನ ಪ್ರಮಾಣ ಮಿತಿ ಮೀರಿತೆಂದು ಬಿಲ್ಡ್ ತಡೆದರೆ ಅವಸರದ ಜೋಡಣೆಗಳಿಗೆ ದಾರಿಯಾದೀತು. ಅಳಿಸುವ ಮುನ್ನ, ನಿಯಮ ಬದಲಾದರೆ ಎರಡೂ ಒಟ್ಟಿಗೇ ಬದಲಾಗಲೇಬೇಕೇ ಎಂದು ಆ ಕೆಲಸ ಬಲ್ಲವರು ಕೇಳಿಕೊಳ್ಳಲಿ. ತೆರಿಗೆ ಲೆಕ್ಕ, ಸಹಿ ಪರಿಶೀಲನೆ, ಪಾಸ್‌ವರ್ಡ್ ತಪಾಸಣೆಗಳಲ್ಲಿ ಉತ್ತರ ಸಾಮಾನ್ಯವಾಗಿ ಹೌದು. ಅಲ್ಲಿ ಎರಡನೆಯ ನಕಲನ್ನೂ ಸಹಿಸಬಾರದು. ಉತ್ತರ ಸ್ಪಷ್ಟವಿಲ್ಲದಿದ್ದರೆ, ಫೌಲರ್ ತಮ್ಮ ಪುಸ್ತಕದಲ್ಲಿ ಪ್ರಸ್ತಾಪಿಸುವಂತೆ ಮೂರನೆಯ ಸಲ ಬರುವವರೆಗೆ ಕಾಯುವುದು ಲೇಸು. ಆ ತನಕ ಉಳಿಸಿಕೊಂಡ ನಕಲಿನ ಮೇಲೆ, ಇದರ ಜೋಡಿ ಎಲ್ಲಿದೆ, ಏಕೆ ಬೇರೆಯಾಗಿಟ್ಟಿದೆ ಎಂದು ಒಂದು ಸಾಲಿನ ಕಾಮೆಂಟ್ ಇರಲಿ. ಮುಂದೆ ತಿದ್ದುವವರು ಕನಿಷ್ಠ ಐದನೆಯದನ್ನು ಹುಡುಕಬೇಕೆಂದಾದರೂ ತಿಳಿದಾರು.