ಚದರಡಿಗೆ ಎಷ್ಟು? ಯಾವ ಚದರಡಿಗೆ?

‘ಅಲ್ಲೆ ಚದರಡಿಗೆ ಎಷ್ಟ್ ನಡದೈತೋ ಈಗ?’

ನಾಸಿಕ್‌ಗೆ ಬಂದು ನೆಲೆಸಿದ ಮೇಲೆ ನನಗೆ ಅತಿ ಹೆಚ್ಚು ಬಂದಿರುವ ಫೋನ್ ಪ್ರಶ್ನೆ ಇದು. ಕೇಳುವವರು ಮೂರು ಥರ. ಬೆಂಗಳೂರಿನಿಂದ ಓಝರ್‌ನ ಎಚ್‌ಎಎಲ್‌ಗೆ ವರ್ಗವಾಗಿ ಬಂದು ಇಲ್ಲೇ ಉಳಿದುಬಿಟ್ಟವರು. ಛತ್ರಪತಿ ಸಂಭಾಜಿನಗರದ, ಅಂದರೆ ನಮ್ಮಲ್ಲಿ ಅನೇಕರು ಇನ್ನೂ ಔರಂಗಾಬಾದ್ ಎಂದೇ ಕರೆಯುವ ಊರಿನ, ವಾಳೂಜ್ ಕಾರ್ಖಾನೆಗಳಲ್ಲಿ ದುಡಿಯುವವರು. ಮೂರನೆಯವರು ಮುಂಬೈ, ಪುಣೆಯಲ್ಲಿದ್ದುಕೊಂಡು ಸಿನ್ನರ್, ವೈಜಾಪುರದ ಕಡೆ ಪ್ಲಾಟ್ ಹಿಡಿದವರು. 2025ರ ಜೂನ್‌ನಲ್ಲಿ ಸಮೃದ್ಧಿ ಹೆದ್ದಾರಿ ಪೂರ್ತಿ ತೆರೆದ ಮೇಲೆ ಈ ಮೂರನೆಯವರ ಫೋನ್ ಜಾಸ್ತಿಯಾಗಿದೆ.

ಎಲ್ಲರಿಗೂ ಬೇಕಾದದ್ದು ಒಂದೇ ಒಂದು ಅಂಕಿ. ಹೇಳಿಬಿಡುತ್ತೇನೆ. ನಾನು ಕಣ್ಣಾರೆ ಓದಿರುವ ಹತ್ತಿಪ್ಪತ್ತು ಕೊಟೇಶನ್‌ಗಳಲ್ಲಿ ಸಾಮಾನು ಸಮೇತ ಕಟ್ಟಿಕೊಡುವ ದರ ಚದರಡಿಗೆ 1,700ರಿಂದ 2,300 ರೂಪಾಯಿಯವರೆಗೆ ಇದೆ. ಬರೀ ಕೂಲಿ ಗುತ್ತಿಗೆಯಾದರೆ 350ರಿಂದ 450. ಇದು ಊರಿನ ಅಧಿಕೃತ ದರವೇನಲ್ಲ, ನನ್ನ ಕೈಗೆ ಬಂದ ಕಾಗದಗಳ ಲೆಕ್ಕ. ಆದರೆ ಇಷ್ಟು ಹೇಳಿದ ಮೇಲೂ ನಾನು ಕೇಳಿದವರಿಗೆ ಏನೂ ಹೇಳಿದಂತಾಗಲಿಲ್ಲ. ಯಾಕೆಂದು ಒಂದು ನಿಜವಾದ ಲೆಕ್ಕದಲ್ಲೇ ತೋರಿಸುತ್ತೇನೆ.

ಗದಗದ ಕಡೆಯ ನನ್ನ ಗೆಳೆಯನೊಬ್ಬ ಸಂಭಾಜಿನಗರದ ದಕ್ಷಿಣಕ್ಕಿರುವ ಸಾತಾರಾ-ದೇವಳಾಯಿ ಭಾಗದಲ್ಲಿ ಮನೆ ಕಟ್ಟಿಸಲು ಹೊರಟ. ಹನ್ನೆರಡು ವರ್ಷದ ಉಳಿತಾಯ, ಮೇಲೆ ಬ್ಯಾಂಕ್ ಸಾಲ. ನೆಲಮಹಡಿ 800 ಚದರಡಿ, ಮೇಲೊಂದು ಮಹಡಿ ಅಷ್ಟೇ. ಮುಂದೆ ಕಾರು ನಿಲ್ಲಿಸಲು 120 ಚದರಡಿಯ ಪೋರ್ಚ್, ಮೇಲೆ 90 ಚದರಡಿಯ ಬಾಲ್ಕನಿ, ಟೆರೇಸಿನಲ್ಲಿ 110 ಚದರಡಿಯ ಮೆಟ್ಟಿಲ ಕೋಣೆ. ಇಬ್ಬರು ಗುತ್ತಿಗೆದಾರರ ದರ ಬಂತು. ಒಬ್ಬನದು 1,750, ಇನ್ನೊಬ್ಬನದು 2,050. ಮನೆಯವರೆಲ್ಲ 1,750ರವನ ಕಡೆ. ಮುನ್ನೂರು ರೂಪಾಯಿ ವ್ಯತ್ಯಾಸ ಅಂದರೆ ಸುಮ್ಮನೆಯೇ?

ನಾನು ಕೇಳಿದ್ದು ಒಂದೇ: ಅವನು ಅಳೆಯುವುದು ಏನನ್ನು?

1,750ರವನು ಅಳೆಯುವುದು ಸ್ಲ್ಯಾಬನ್ನು. ಕಾಂಕ್ರೀಟ್ ಎಲ್ಲೆಲ್ಲಿ ಬಿತ್ತೋ ಅದೆಲ್ಲ ಪೂರ್ತಿ ಲೆಕ್ಕಕ್ಕೆ. ಎರಡು ಮಹಡಿ ಸೇರಿ 1,600, ಪೋರ್ಚ್ 120, ಬಾಲ್ಕನಿ 90, ಮೆಟ್ಟಿಲ ಕೋಣೆ 110, ಕಿಟಕಿಗಳ ಮೇಲಿನ ಸಜ್ಜಾಗಳು 80. ಒಟ್ಟು 2,000 ಚದರಡಿ, 35 ಲಕ್ಷ ರೂಪಾಯಿ. 2,050ರವನು ಗೋಡೆಯ ಹೊರಮೈಯಿಂದ ಅಳೆಯುತ್ತಾನೆ, ತೆರೆದ ಪೋರ್ಚ್ ಮತ್ತು ಬಾಲ್ಕನಿಗೆ ಅರ್ಧ ಹಿಡಿಯುತ್ತಾನೆ, ಸಜ್ಜಾ ಮತ್ತು ಮೆಟ್ಟಿಲ ಕೋಣೆ ಅವನ ದರದೊಳಗೇ. 1,600ಕ್ಕೆ 105 ಸೇರಿಸಿದರೆ 1,705. ಗುಣಿಸಿದರೆ 34,95,250. ಮುನ್ನೂರು ರೂಪಾಯಿ ‘ಅಗ್ಗ’ದವನು ಐದು ಸಾವಿರ ದುಬಾರಿ! ಅದೂ ನೀರಿನ ತೊಟ್ಟಿ ಹೊರತುಪಡಿಸಿ. ಎರಡನೆಯವನ ಪಟ್ಟಿಯಲ್ಲಿ ನೆಲದೊಳಗಿನ ಹತ್ತು ಸಾವಿರ ಲೀಟರ್ ತೊಟ್ಟಿ ಇತ್ತು, ಮೊದಲನೆಯವನ ಪಟ್ಟಿಯಲ್ಲಿ ಇರಲಿಲ್ಲ.

ಇಲ್ಲಿ ಯಾರೂ ಸುಳ್ಳು ಹೇಳಿಲ್ಲ ಅನ್ನುವುದನ್ನು ಗಮನಿಸಿ. ಇಬ್ಬರೂ ತಮ್ಮ ಪದ್ಧತಿಯನ್ನು ನಾಲ್ಕು ವರ್ಷದಿಂದ ಹಾಗೇ ನಡೆಸಿಕೊಂಡು ಬಂದವರು. ಕೇಳಿದ ಕೂಡಲೇ ಹೇಳಿದರು. ಕೇಳುವವರಿರಲಿಲ್ಲ, ಅಷ್ಟೇ.

ಅಳತೆಯ ಮಾತು ಬಂದಾಗ ನಮ್ಮವರು ಎಡವುವ ಇನ್ನೊಂದು ಪದ ಬ್ರಾಸ್. ಬೆಂಗಳೂರು, ಮೈಸೂರಿನ ಕಡೆ ‘ಹನ್ನೆರಡು ಚದರದ ಮನೆ’ ಅಂದರೆ 1,200 ಚದರಡಿ ಎಂದು ಎಲ್ಲರಿಗೂ ಗೊತ್ತು. ಮಹಾರಾಷ್ಟ್ರದಲ್ಲಿ ಚದರ ಅಂದರೆ ಯಾರಿಗೂ ತಿಳಿಯುವುದಿಲ್ಲ. ಮರಳು, ಜಲ್ಲಿ, ಮುರುಮ್ ಎಲ್ಲ ಬ್ರಾಸ್ ಲೆಕ್ಕ, ಅಂದರೆ ನೂರು ಘನ ಅಡಿ. ಪ್ಲಾಸ್ಟರ್, ಟೈಲ್ಸ್ ಮಾತಾಡುವಾಗ ಅದೇ ಬ್ರಾಸ್ ನೂರು ಚದರಡಿ ಆಗಿಬಿಡುತ್ತದೆ. ಮರಳಿನ ಲಾರಿ ಬಂದಾಗ ಟೇಪ್ ಹಿಡಿದು ಒಳಗಿನ ಉದ್ದ, ಅಗಲ, ಮರಳು ನಿಂತ ಎತ್ತರ ಮೂರನ್ನೂ ಅಡಿಯಲ್ಲಿ ಗುಣಿಸಿ ನೂರರಿಂದ ಭಾಗಿಸಿದರೆ ಆಯಿತು. 14 ಅಡಿ ಉದ್ದ, 7 ಅಡಿ ಅಗಲ, 4 ಅಡಿ ಎತ್ತರ ತುಂಬಿದ್ದರೆ ನಾಲ್ಕಕ್ಕೆ ಸ್ವಲ್ಪ ಕಮ್ಮಿ ಬ್ರಾಸ್. ಮೂರೂವರೆ ಅಡಿಗೇ ನಿಂತಿದ್ದರೆ ಮೂರೂವರೆ ಬ್ರಾಸೂ ಇಲ್ಲ. ಟೇಪ್ ಹಿಡಿದವನ ಮನೆಗೆ ಮುಂದಿನ ಲಾರಿ ತುಂಬಿಯೇ ಬರುತ್ತದೆ!

ಇನ್ನು ನೆಲದ ಕೆಳಗಿನ ಕಥೆ. ಕೊಟೇಶನ್‌ನಲ್ಲಿ ಸಾಮಾನ್ಯವಾಗಿ ‘ಪಾಯ ಐದು ಅಡಿವರೆಗೆ’ ಎಂದು ಒಂದು ಸಾಲು ಇರುತ್ತದೆ. ಓದಿ ಮುಂದೆ ಹೋಗುತ್ತೇವೆ. ಆದರೆ ಈ ಎರಡು ಜಿಲ್ಲೆಗಳಲ್ಲಿ ಮನೆಯ ಖರ್ಚನ್ನು ಅಲುಗಾಡಿಸುವ ಸಾಲು ಅದೇ. ನಿಫಾಡ್, ಪೈಠಣ, ಗಂಗಾಪುರದಂಥ ಗೋದಾವರಿ ಬಯಲಿನ ತಾಲೂಕುಗಳಲ್ಲಿ ಆಳವಾದ ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ವಿಜಯಪುರ, ಗದಗದವರಿಗೆ ಇದನ್ನು ನಾನು ಹೇಳಿಕೊಡಬೇಕಿಲ್ಲ. ಗಟ್ಟಿ ಮುರುಮ್ ಸಿಗುವವರೆಗೆ ಅಗೆಯಲೇಬೇಕು. ಬಿಡಕೀನ್ ಹತ್ತಿರ ಪರಿಚಯದವರೊಬ್ಬರಿಗೆ ಅದು ಸಿಕ್ಕಿದ್ದು ಒಂಬತ್ತು ಅಡಿಗೆ. ಅಗೆತ, ಹೆಚ್ಚಿನ ಕಾಂಕ್ರೀಟು, ಉದ್ದವಾದ ಕಂಬದ ಕಬ್ಬಿಣ ಎಲ್ಲ ‘ಎಕ್ಸ್‌ಟ್ರಾ’ ಪಟ್ಟಿಗೆ ಹೋಯಿತು. ನನ್ನ ಗೆಳೆಯನದು ಗುಡ್ಡದ ಬದಿ. ಅಲ್ಲಿ ತದ್ವಿರುದ್ಧ: ಎರಡಡಿಗೇ ಕಪ್ಪು ಬಂಡೆ, ಬ್ರೇಕರ್ ತರಿಸಿ ಗಂಟೆ ಲೆಕ್ಕದಲ್ಲಿ ದುಡ್ಡು. ಆದ್ದರಿಂದ ಸಹಿ ಹಾಕುವ ಮೊದಲು ಪ್ಲಾಟ್‌ನ ಎರಡು ಮೂಲೆಯಲ್ಲಿ ಜೆಸಿಬಿಯಿಂದ ಗುಂಡಿ ತೆಗೆಸಿ ನೋಡಿ. ಅರ್ಧ ದಿನದ ಬಾಡಿಗೆ ಅದು. ಐದು ಅಡಿಯ ಕೆಳಗೆ ಹೋದರೆ ಪ್ರತಿ ಅಡಿಗೆ ಎಷ್ಟು, ಬಂಡೆ ಬಂದರೆ ಎಷ್ಟು ಎಂದು ಆಗಲೇ ಬರೆಸಿಕೊಳ್ಳಿ. ಗುಂಡಿ ತೋಡಿ, ಸರಳು ಇಳಿಸಿದ ಮೇಲೆ ಚೌಕಾಶಿ ಮಾಡುವ ಶಕ್ತಿ ನಿಮಗಿರುವುದಿಲ್ಲ.

ನೀರೂ ಹಾಗೆಯೇ. ಸಂಭಾಜಿನಗರಕ್ಕೆ ಕುಡಿಯುವ ನೀರು ಬರುವುದು ಪೈಠಣದ ಜಾಯಕವಾಡಿ ಜಲಾಶಯದಿಂದ, ಅದೂ ದಿನ ಬಿಟ್ಟು ದಿನಗಳ ಮೇಲೆ. ಕಟ್ಟಡಕ್ಕೆ ಟ್ಯಾಂಕರೇ ಗತಿ. ಟ್ಯಾಂಕರ್ ಯಾರ ತಲೆಗೆ ಎಂದು ಬರೆದಿರದಿದ್ದರೆ ಜಗಳವಾಗುವುದು ಹಣಕ್ಕಲ್ಲ, ಕ್ಯೂರಿಂಗ್‌ಗೆ. ನೀರಿನ ಖರ್ಚು ತನ್ನದಾದ ಗುತ್ತಿಗೆದಾರ ಮೂರನೇ ದಿನಕ್ಕೆ ‘ಸಾಕು ಸಾಹೇಬ್’ ಎನ್ನುತ್ತಾನೆ. ಐಎಸ್ 456 ಪ್ರಕಾರ ಸಾಧಾರಣ ಒಪಿಸಿ ಸಿಮೆಂಟಿಗೆ ಕನಿಷ್ಠ 7 ದಿನ, ಪಿಪಿಸಿಯಂಥ ಮಿಶ್ರ ಸಿಮೆಂಟಿಗೆ 10 ದಿನ ನೀರುಣಿಸಬೇಕು. ಒಣ ಬಿಸಿಲಿನಲ್ಲಿ ಅದು 10 ಮತ್ತು 14 ದಿನ. ಮರಾಠವಾಡದ ಏಪ್ರಿಲ್ ಬಿಸಿಲು ಗೊತ್ತಲ್ಲ? ಈ ಒಂದು ಖರ್ಚನ್ನು ಮಾತ್ರ ನೀವೇ ವಹಿಸಿಕೊಳ್ಳುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಹಳ್ಳಿಯಲ್ಲಿ ಅಗ್ಗ ಅಲ್ಲವೇ ಎಂದು ಕೇಳುವವರಿಗೆ: ಕೂಲಿ ಸ್ವಲ್ಪ ಅಗ್ಗ, ಸಾಗಣೆ ದುಬಾರಿ, ಒಟ್ಟಿನಲ್ಲಿ ನೀವಂದುಕೊಂಡಷ್ಟು ಉಳಿಯುವುದಿಲ್ಲ. ಹಳ್ಳಿಯ ದರ ತಿಥಿ ನೋಡಿ ಬದಲಾಗುತ್ತದೆ. ದಿಂಡೋರಿ, ನಿಫಾಡ್ ಕಡೆ ಅಕ್ಟೋಬರ್‌ನಲ್ಲಿ ದ್ರಾಕ್ಷಿ ಚಾಟಣಿ, ಜನವರಿಯಿಂದ ಕೊಯ್ಲು. ಸಂಭಾಜಿನಗರದ ಕಡೆ ದೀಪಾವಳಿ ಆಸುಪಾಸಿನಲ್ಲಿ ಹತ್ತಿ ಬಿಡಿಸುವ ಕೆಲಸ. ಆ ದಿನಗಳಲ್ಲಿ ಬಿಗಾರಿ ಸಿಗುವುದಿಲ್ಲ, ಸಿಕ್ಕರೆ ಹೇಳಿದ್ದೇ ರೇಟು. ನಾಸಿಕ್ ನಗರದಲ್ಲಂತೂ 2027ರ ಸಿಂಹಸ್ಥ ಕುಂಭಮೇಳದ ರಸ್ತೆ, ಘಾಟ್ ಕೆಲಸಗಳು ಸೆಂಟ್ರಿಂಗ್‌ನವರನ್ನೆಲ್ಲ ಎಳೆದುಕೊಂಡಿವೆ. ಅವಸರವಿಲ್ಲದವರು ಸ್ವಲ್ಪ ಕಾಯಬಹುದು.

ಕೂಲಿ ಗುತ್ತಿಗೆ ಕೊಟ್ಟು ಸಾಮಾನು ತಾವೇ ತರುತ್ತೇವೆ ಅನ್ನುವವರಿಗೆ ಎರಡು ಅಂದಾಜು ಕೊಡುತ್ತೇನೆ: ಸಾಧಾರಣ ಮನೆಗೆ ಪ್ರತಿ ಚದರಡಿಗೆ ಸಿಮೆಂಟ್ 0.4 ಚೀಲ, ಕಬ್ಬಿಣ ನಾಲ್ಕು ಕಿಲೋ ಸುಮಾರು. ಸಾವಿರ ಚದರಡಿಗೆ ನಾನೂರು ಚೀಲ, ನಾಲ್ಕು ಟನ್. ಎಂಜಿನಿಯರ್ ಕೊಟ್ಟ ಪಟ್ಟಿ ಇದಕ್ಕಿಂತ ಬಹಳ ದೂರ ಹೋದರೆ ಕಾರಣ ಕೇಳಿ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟ್ ಮೇಲಿನ ಜಿಎಸ್‌ಟಿ 28ರಿಂದ 18 ಶೇಕಡಕ್ಕೆ ಇಳಿದಿದೆ. ಹಳೆಯ ಕೊಟೇಶನ್ ಹಿಡಿದುಕೊಂಡು ಬಂದವನಿಗೆ ಇದನ್ನು ನೆನಪಿಸಿ. ಮರಳಿನ ವಿಷಯದಲ್ಲಿ ಸರ್ಕಾರದ ಮಾತನ್ನು ನಂಬಿ ಬಜೆಟ್ ಹಾಕಬೇಡಿ. 2023ರಲ್ಲಿ ಡಿಪೋದಿಂದ ಬ್ರಾಸ್‌ಗೆ 600 ರೂಪಾಯಿ ಎಂದು ಘೋಷಿಸಿದರು, 2025ರಲ್ಲಿ ನೀತಿಯನ್ನೇ ಬದಲಾಯಿಸಿದರು. ಈಗ ಎಲ್ಲೆಡೆ ಕಲ್ಲುಪುಡಿಯ ಎಂ-ಸ್ಯಾಂಡಿನದೇ ಮಾತು.

ತೆರಿಗೆಯ ಬಗ್ಗೆ ಚುಟುಕಾಗಿ. ಒಂಟಿ ಮನೆಗೆ ಬರೀ ಕೂಲಿ ಗುತ್ತಿಗೆ ಕೊಟ್ಟರೆ ಜಿಎಸ್‌ಟಿ ವಿನಾಯಿತಿ ಇದೆ. ಸಾಮಾನು ಸಮೇತ ಕೊಟ್ಟರೆ, ಗುತ್ತಿಗೆದಾರ ನೋಂದಾಯಿತನಾಗಿದ್ದರೆ, 18 ಶೇಕಡ. 35 ಲಕ್ಷಕ್ಕೆ ಅದು 6.3 ಲಕ್ಷ. ‘ದರ ಜಿಎಸ್‌ಟಿ ಸೇರಿಯೋ, ಬಿಟ್ಟೋ’ ಎಂಬ ಪ್ರಶ್ನೆ ಮೊದಲ ಭೇಟಿಯಲ್ಲೇ ಬರಲಿ. ಒಬ್ಬನಿಗೇ ವರ್ಷಕ್ಕೆ 50 ಲಕ್ಷ ಮೀರಿ ಕೊಡುವವರು ಟಿಡಿಎಸ್ ಹಿಡಿಯಬೇಕು, ಅದನ್ನು ನಿಮ್ಮ ಸಿಎ ಹತ್ತಿರ ಕೇಳಿಕೊಳ್ಳಿ.

ಈಗ ನಮ್ಮವರೆಲ್ಲರ ಮನಸ್ಸಿನಲ್ಲಿರುವ ಅನುಮಾನಕ್ಕೆ ಬರೋಣ. ‘ನಾವು ಹೊರಗಿನವರು, ಮರಾಠಿ ಅರ್ಧಂಬರ್ಧ, ಅದಕ್ಕೇ ಜಾಸ್ತಿ ಹೇಳುತ್ತಾರೆ.’ ನಾನೂ ಇದನ್ನು ಪರೀಕ್ಷಿಸಿದ್ದೇನೆ. ಒಂದೇ ನಕ್ಷೆಯನ್ನು ನಮ್ಮ ಆಫೀಸಿನ ಮರಾಠಿ ಸಹೋದ್ಯೋಗಿ ಒಯ್ದಾಗಲೂ ಬಂದ ದರ ಹೆಚ್ಚುಕಮ್ಮಿ ಅದೇ. ಅವನಿಗೂ ಸ್ಲ್ಯಾಬ್ ಅಳತೆಯ ಸಂಗತಿ ಗೊತ್ತಿರಲಿಲ್ಲ. ಭಾಷೆ ಬಂದವನು ಮೋಸ ಹೋಗುವುದಿಲ್ಲ ಎಂಬುದು ನಾವು ಕಟ್ಟಿಕೊಂಡ ಕಲ್ಪನೆ. ಹಾಗೆ ನೋಡಿದರೆ ಸೈಟಿನ ಭಾಷೆ ನಮಗೆ ಅಷ್ಟೇನೂ ಪರಕೀಯವಲ್ಲ. ಅವರ ಗವಂಡಿ ನಮ್ಮ ಉತ್ತರ ಕರ್ನಾಟಕದ ಗೌಂಡಿಯೇ. ಇಲ್ಲಿನ ಹಳೆಯ ಮನೆಗಳ ನೆಲಕ್ಕೆ ಹಾಸಿದ ‘ಶಹಾಬಾದಿ ಫರಶಿ’ ಕಲಬುರಗಿ ಜಿಲ್ಲೆಯ ಶಹಾಬಾದಿನ ಕಲ್ಲು.

ಕೆಲಸಗಾರರಲ್ಲೂ ನಮ್ಮವರಿದ್ದಾರೆ. ಮಹಾರಾಷ್ಟ್ರದ ಕಟ್ಟಡ ಕೆಲಸಕ್ಕೆ ಕಲಬುರಗಿ, ಯಾದಗಿರಿ, ವಿಜಯಪುರದಿಂದ ಜನ ಬರುವುದು ಹೊಸತಲ್ಲ. ಪಾಥರ್ಡಿ ಫಾಟಾದ ಒಂದು ಸೈಟಿನಲ್ಲಿ ಸಿಕ್ಕ ಯಾದಗಿರಿ ಕಡೆಯ ಹಿರಿಯ ಗೌಂಡಿಯೊಬ್ಬರನ್ನು, ಮಾಲೀಕರು ಚೌಕಾಶಿ ಮಾಡಿ ನೂರು ರೂಪಾಯಿ ಇಳಿಸಿದರೆ ಅದು ಎಲ್ಲಿಂದ ಕಡಿಮೆಯಾಗುತ್ತದೆ ಎಂದು ಕೇಳಿದೆ.

‘ಸೇಠ್‌ನ ಕಿಸೆದಿಂದ ಹೋಗಂಗಿಲ್ರಿ ಸರ. ಮೊದಲ ನಮ್ಮ ಪಗಾರ ವಾರ ಬಿಟ್ಟ ವಾರ ಆಗತೈತಿ. ಆಮ್ಯಾಲೆ ಮಾಲಿನ್ಯಾಗ ಸಿಮಿಟ್ ಕಮ್ಮಿ ಆಗತೈತಿ. ನೀವ್ ನೋಡೂದು ಬಣ್ಣ, ಮಾಲು ಯಾರ್ ನೋಡ್ತಾರ್ರಿ?’

ಅಲ್ಲಿಂದ ಈಚೆಗೆ ನಾನು ದರ ಇಳಿಸಲು ಸಲಹೆ ಕೊಡುವುದನ್ನು ನಿಲ್ಲಿಸಿದ್ದೇನೆ. ಅಳತೆ, ಪಟ್ಟಿ, ಕಂತು ಈ ಮೂರರ ಮೇಲೆ ಹಟ ಹಿಡಿಯಿರಿ ಎನ್ನುತ್ತೇನೆ. ಕಂತಿನದು ದೊಡ್ಡ ವಿಷಯ. ಒಬ್ಬ ಗುತ್ತಿಗೆದಾರ ಮುಂಗಡ 10 ಶೇಕಡ, ಪ್ಲಿಂತ್‌ಗೆ 25 ಶೇಕಡ ಕೇಳಿದ್ದ. 35 ಲಕ್ಷದ ಮನೆಯಲ್ಲಿ ಪ್ಲಿಂತ್ ಮುಗಿಯುವಾಗ 12.25 ಲಕ್ಷ ಅವನ ಕೈಯಲ್ಲಿ, ನೆಲದ ಮೇಲೆ ಕಾಣುವುದು ಐದಾರು ಲಕ್ಷದ ಕೆಲಸ. ಉಳಿದದ್ದರಲ್ಲಿ ಅವನು ಇನ್ನೊಬ್ಬರ ಮನೆಯ ಸ್ಲ್ಯಾಬ್ ಹಾಕುತ್ತಾನೆ, ನಿಮ್ಮ ಸೈಟಿಗೆ ಎರಡು ತಿಂಗಳು ಬಾರದಿದ್ದರೂ ನೀವು ಅವನನ್ನು ಬಿಡುವ ಹಾಗಿಲ್ಲ. ಕೆಲಸ ಯಾವಾಗಲೂ ದುಡ್ಡಿಗಿಂತ ಒಂದು ಹೆಜ್ಜೆ ಮುಂದಿರಲಿ. ಕೊನೆಯ ಐದು ಶೇಕಡ ಒಂದು ಮಳೆಗಾಲ ಕಳೆದು, ಟೆರೇಸ್ ಸೋರುವುದಿಲ್ಲ ಎಂದು ಖಾತ್ರಿಯಾದ ಮೇಲೆ.

ನನ್ನ ಗೆಳೆಯ 2,050ರವನಿಗೇ ಕೆಲಸ ಕೊಟ್ಟ. ಒಂದು ರೂಪಾಯಿಯೂ ಇಳಿಸಲಿಲ್ಲ. ಬದಲಿಗೆ ಒಪ್ಪಂದಕ್ಕೆ ನಾಲ್ಕು ಸಾಲು ಸೇರಿಸಿದ: ಅಳತೆಯ ವಿಧಾನ, ಬಂಡೆ ಬಂದರೆ ಬ್ರೇಕರ್‌ನ ಗಂಟೆ ದರ, ಟ್ಯಾಂಕರ್ ಮಾಲೀಕನದು, ಪ್ರತಿ ಶನಿವಾರ ಕೆಲಸಗಾರರ ಪಗಾರ ಮಾಲೀಕನ ಎದುರಿಗೇ. ಕೊನೆಯ ಸಾಲಿಗೆ ಗುತ್ತಿಗೆದಾರ ಎರಡು ದಿನ ಯೋಚಿಸಿದನಂತೆ, ಆಮೇಲೆ ಸಹಿ ಹಾಕಿದ. ಮೊದಲ ಸ್ಲ್ಯಾಬ್ ಬಿದ್ದಿದೆ. ಬಣ್ಣ, ವಾಟರ್‌ಪ್ರೂಫಿಂಗ್ ದರಗಳ ಬಗ್ಗೆ ಕೇಳಿದ್ದ ಮುಂಬೈನ ಓದುಗರಿಗೆ ಮುಂದಿನ ಕಂತಿನಲ್ಲಿ ಬರೆಯುತ್ತೇನೆ.