ಪಿಕಪ್ ಬಾಡಿಗೆ ಲೈನರ್: ಮನೆಯಲ್ಲೇ ಹಾಕಿ, ಆದ್ರೆ ಗನ್ ಬಿಟ್ಟು ರೋಲರ್ ಹಿಡೀರಿ

ಪಿಕಪ್ ತಗೊಂಡು ಮೂರು ವರ್ಷ ಆದ್ಮೇಲೆ ಬಾಡಿಯ ತಳ ನೋಡಿದ್ರೆ ಹೊಟ್ಟೆ ಉರಿಯುತ್ತೆ. ಕ್ರೇಟ್ ಎಳೆದೂ ಎಳೆದೂ ಪೇಂಟ್ ಕಿತ್ತು ಹೋಗಿರುತ್ತೆ. ಆ ಗೀರಿನ ಮೇಲೆ ಕೊಟ್ಟಿಗೆ ಗೊಬ್ಬರದ ತೇವ, ಒಡೆದ ಟೊಮ್ಯಾಟೊ ರಸ, ಹರಿದ ಚೀಲದಿಂದ ಚೆಲ್ಲಿದ ಪೊಟ್ಯಾಷ್. ಪೊಟ್ಯಾಷ್ ಗೊಬ್ಬರ ಅಂದ್ರೆ ಹೆಚ್ಚಾಗಿ ಪೊಟ್ಯಾಸಿಯಂ ಕ್ಲೋರೈಡ್, ಅದೂ ಒಂದು ಉಪ್ಪೇ. ನೀರು ತಾಗಿದ್ರೆ ಕಬ್ಬಿಣಕ್ಕೆ ತುಕ್ಕು ಬೇಗ ಹಿಡಿಸುತ್ತೆ. ರಬ್ಬರ್ ಮ್ಯಾಟ್ ಹಾಸಿದ್ರೆ ಗೀರು ತಪ್ಪುತ್ತೆ, ಆದ್ರೆ ಅದರ ಕೆಳಗೆ ನೀರು ನಿಂತು ಕಣ್ಣಿಗೆ ಕಾಣದ ಹಾಗೆ ತುಕ್ಕು ಬೆಳೆಯುತ್ತೆ.

ಹಾಗಾಗಿ ಬಾಡಿಗೆ ಲೈನರ್ ಹೊಡೆಯೋ ವಿಡಿಯೊಗಳನ್ನ ನಮ್ಮ ಹುಡುಗರು ನೋಡ್ತಿರೋದ್ರಲ್ಲಿ ತಪ್ಪೇನಿಲ್ಲ. ಲೈನರ್ ಅಂದ್ರೆ ದಪ್ಪಗೆ, ದೊರಗಾಗಿ ಕೂರುವ ಪಾಲಿಯುರೆಥೇನ್ ಪದರ. ಸರಿಯಾಗಿ ಕೂತ್ರೆ ಕ್ರೇಟ್ ಜಾರಲ್ಲ, ತಗಡಿಗೆ ನೀರು ತಾಗಲ್ಲ. ಇದನ್ನ ಮನೆಯಲ್ಲೇ ಮಾಡಬಹುದು ಅನ್ನೋದು ನನ್ನ ಅಭಿಪ್ರಾಯ. ಆದ್ರೆ ವಿಡಿಯೊದಲ್ಲಿ ತೋರಿಸೋ ಹಾಗೆ ಕಂಪ್ರೆಸರ್ ಗನ್ ಹಿಡಿದು ಅಲ್ಲ.

ನಾನೇ ಎರಡು ತಪ್ಪು ಮಾಡಿದೀನಿ. ಮೊದಲನೇ ಸಲ ತುಕ್ಕನ್ನ ಮೇಲೆ ಮೇಲೆ ಉಜ್ಜಿ, ಮಳೆಗಾಲದಲ್ಲೇ ಲೈನರ್ ಹೊಡೆದೆ. ಒಂದೇ ವರ್ಷಕ್ಕೆ ಹಪ್ಪಳದ ಹಾಗೆ ಎದ್ದು ಬಂತು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ತಗೊಳ್ಳುತ್ತೆ. ಒಳಗೇ ಬೆಳೆದು ಮೇಲಿನ ಪದರವನ್ನ ಎತ್ತಿಬಿಡುತ್ತೆ. ಎರಡನೇ ತಪ್ಪು, ಮುಖಕ್ಕೆ ಟವೆಲ್ ಸುತ್ತಿಕೊಂಡು ಶೆಡ್ ಒಳಗೆ ಸ್ಪ್ರೇ ಮಾಡಿದ್ದು. ಆ ರಾತ್ರಿ ಕೆಮ್ಮಿ ಕೆಮ್ಮಿ ಎದೆ ಹಿಡ್ಕೊಂಡು ಕೂತಿದ್ದೆ. ಪೇಂಟ್ ವಾಸನೆಗೆ ಹಾಗಾಯ್ತು ಅಂದ್ಕೊಂಡೆ. ಡಬ್ಬಿ ಮೇಲಿನ ಸಣ್ಣ ಅಕ್ಷರ ಓದಿದ್ದು ಆಮೇಲೆ.

ಗಟ್ಟಿ ಲೈನರ್‌ಗಳು ಸಾಮಾನ್ಯವಾಗಿ ಎರಡು ಡಬ್ಬಿಯಲ್ಲಿ ಬರ್ತವೆ, ಒಂದು ಬೇಸ್, ಒಂದು ಹಾರ್ಡ್ನರ್. ಹಾರ್ಡ್ನರ್‌ನಲ್ಲಿ ಐಸೊಸೈನೇಟ್ ಅನ್ನೋ ರಾಸಾಯನಿಕ ಇರುತ್ತೆ. ಗನ್‌ನಲ್ಲಿ ಹೊಡೆದಾಗ ಅದು ಸಣ್ಣ ಮಂಜಾಗಿ ಶ್ವಾಸಕೋಶಕ್ಕೆ ಇಳಿಯುತ್ತೆ. ಕೆಲಸದಿಂದ ಬರುವ ಆಸ್ತಮಾಕ್ಕೆ ಜಗತ್ತಿನಾದ್ಯಂತ ಗೊತ್ತಿರುವ ದೊಡ್ಡ ಕಾರಣಗಳಲ್ಲಿ ಇದೂ ಒಂದು. ದೇಹಕ್ಕೆ ಒಮ್ಮೆ ಅಲರ್ಜಿ ಹತ್ತಿದ್ರೆ ಮುಂದೆ ಸ್ವಲ್ಪ ತಾಗಿದ್ರೂ ಉಸಿರು ಕಟ್ಟಬಹುದು. ಟವೆಲ್ ಆಗ್ಲಿ, ಧೂಳಿನ ಮಾಸ್ಕ್ ಆಗ್ಲಿ ಇದರ ಆವಿಯನ್ನ ತಡೆಯಲ್ಲ. ಸರಿಯಾದ ಪೇಂಟ್ ಬೂತ್‌ಗಳಲ್ಲಿ ಹೊರಗಿನ ಶುದ್ಧ ಗಾಳಿಯನ್ನ ಪೈಪಿನಲ್ಲಿ ತರುವ ಮಾಸ್ಕ್ ಹಾಕ್ಕೊಂಡೇ ಇದನ್ನ ಹೊಡೆಯೋದು. ಆ ವ್ಯವಸ್ಥೆ ನಮ್ಮ ಶೆಡ್‌ನಲ್ಲಿ ಎಲ್ಲಿದೆ ಹೇಳಿ?

"ಔಷಧಿ ಹೊಡೆಯುವಾಗ್ಲೂ ಟವೆಲ್ಲೇ ಕಟ್ಟೋದು, ಏನಾಗಿದೆ?" ಅಂತ ನನ್ನ ತಮ್ಮನೇ ಕೇಳಿದ. ಅದೇ ನಮ್ಮ ದೊಡ್ಡ ರೋಗ. ತೋಟದಲ್ಲಿ ಮಾಡ್ತಿರೋದೂ ತಪ್ಪೇ. ಒಂದು ತಪ್ಪು ಅಭ್ಯಾಸ ಆಯ್ತು ಅಂತ ಇನ್ನೊಂದನ್ನ ಸೇರಿಸ್ಕೋಬೇಕಾ?

ಅದಕ್ಕೇ ರೋಲರ್ ಅಂತೀನಿ. ರೋಲರ್‌ನಲ್ಲಿ ಹಾಕುವಂಥ ಲೈನರ್‌ಗಳು ಸಿಗ್ತವೆ. ಗನ್‌ನಷ್ಟು ಒಂದೇ ಸಮನಾದ ಫಿನಿಶ್ ಬರಲ್ಲ, ಒಪ್ತೀನಿ. ಆದ್ರೆ ಗೊಬ್ಬರ ತುಂಬುವ ಬಾಡಿಗೆ ಶೋರೂಮ್ ಫಿನಿಶ್ ಯಾಕೆ? ರೋಲರ್‌ನಲ್ಲಿ ಮಂಜು ಏಳೋದು ತುಂಬಾ ಕಡಿಮೆ. ಹಾಗಂತ ಆವಿ ಇರೋದೇ ಇಲ್ಲ ಅಂತಲ್ಲ. ಬಯಲಲ್ಲಿ, ಗಾಳಿ ಆಡೋ ಕಡೆ ಗಾಡಿ ನಿಲ್ಲಿಸಿ. ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಡ್ಜ್ ಇರುವ ಮಾಸ್ಕ್, ನೈಟ್ರೈಲ್ ಗ್ಲೌಸ್, ಕನ್ನಡಕ ಹಾಕಿ. ಗಡ್ಡ ಇದ್ರೆ ಮಾಸ್ಕ್ ಬಿಗಿಯಾಗಿ ಕೂರಲ್ಲ. ಆಸ್ತಮಾ ಇರುವವರು ಈ ಕೆಲಸಕ್ಕೆ ಇಳಿಯಲೇಬೇಡಿ. ಒಂದೇ ಡಬ್ಬಿಯದ್ದು ತಂದಿದೀನಿ ಅಂತ ನಿಶ್ಚಿಂತೆಯಿಂದ ಇರಬೇಡಿ, ಅದರಲ್ಲೂ ಐಸೊಸೈನೇಟ್ ಇರಬಹುದು. ಕೈಯಲ್ಲಿ ಫೋನ್ ಇದೆ. ಕೊಳ್ಳೋ ಮೊದಲೇ ಕಂಪನಿಯ ಸೇಫ್ಟಿ ಡೇಟಾ ಶೀಟ್ ತೆಗೆದು ನೋಡಿ.

ಇನ್ನು ಕೆಲಸ. ಇದರಲ್ಲಿ ಮುಕ್ಕಾಲು ಪಾಲು ಉಜ್ಜೋದೇ. ಮೊದಲು ಸೋಪು ನೀರಲ್ಲಿ ತೊಳೆದು, ಮೂಲೆ ಸಂದಿಯಲ್ಲಿ ಕೂತ ಗೊಬ್ಬರ ತೆಗೆದು, ಪೂರ್ತಿ ಒಣಗಿಸಿ. ಗ್ರೈಂಡರ್‌ಗೆ ವೈರ್ ಬ್ರಷ್ ಹಾಕಿ ಹೊಳೆಯುವ ಕಬ್ಬಿಣ ಕಾಣುವವರೆಗೆ ತುಕ್ಕು ತೆಗೀರಿ. ತೂತು ಬಿದ್ದಿದ್ರೆ ಮೊದಲು ವೆಲ್ಡಿಂಗ್, ಲೈನರ್ ತೂತು ಮುಚ್ಚೋ ಮದ್ದಲ್ಲ. ಗಟ್ಟಿಯಾಗಿರುವ ಹಳೇ ಪೇಂಟನ್ನ ಹೊಳಪು ಹೋಗುವ ಹಾಗೆ 180ರ ಎಮರಿ ಪೇಪರ್‌ನಲ್ಲಿ ಉಜ್ಜಿ. ಸೀಮೆಎಣ್ಣೆ, ಡೀಸೆಲ್‌ನಲ್ಲಿ ಒರೆಸಬೇಡಿ, ಎಣ್ಣೆ ಜಿಡ್ಡು ಉಳಿದು ಲೈನರ್ ಹಿಡಿಯಲ್ಲ. ಬರಿ ಕಬ್ಬಿಣ ಕಾಣುವ ಕಡೆ ಎಪಾಕ್ಸಿ ಪ್ರೈಮರ್ ಹಾಕಿ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ರೆಡ್ ಆಕ್ಸೈಡ್ ಬೇಡ. ಮೇಲಿನ ಲೈನರ್‌ನ ಥಿನ್ನರ್‌ಗೆ ಅದು ಸುಕ್ಕುಗಟ್ಟಿ ಏಳಬಹುದು.

ಎಷ್ಟು ಬೇಕು ಅಂತ ಅಳತೆ ಹಾಕಿ. 8 ಅಡಿ ಉದ್ದ, 5.5 ಅಡಿ ಅಗಲದ ಬಾಡಿ ಅಂದ್ರೆ ತಳ 44 ಚದರಡಿ. ಸುತ್ತ ಒಂದೂವರೆ ಅಡಿ ಎತ್ತರ ಇದ್ರೆ ಇನ್ನೂ 40. ಒಟ್ಟು ಸುಮಾರು 85 ಚದರಡಿ, ಅಂದ್ರೆ 8 ಚದರ ಮೀಟರ್. ಅದಕ್ಕೆ ಎರಡು ಕೋಟ್ ಲೆಕ್ಕ ಹಾಕಿ, ಡಬ್ಬಿ ಮೇಲಿನ ಅಳತೆ ನೋಡಿ ತನ್ನಿ. ಹಾರ್ಡ್ನರ್ ಅನ್ನ ಅಂದಾಜಲ್ಲಿ ಸುರೀಬೇಡಿ, ಬರೆದಿರುವ ಪ್ರಮಾಣವೇ ಆಗ್ಬೇಕು. ಕಲಸಿದ ಮೇಲೆ ಡಬ್ಬಿಯಲ್ಲೇ ಗಟ್ಟಿಯಾಗ್ತಾ ಹೋಗುತ್ತೆ, ಅದಕ್ಕೇ ಸ್ವಲ್ಪ ಸ್ವಲ್ಪವೇ ಕಲಸಿ. ಮೊದಲು ಮೂಲೆಗಳಿಗೆ ಬ್ರಷ್, ಆಮೇಲೆ ರೋಲರ್. ನೀರು ಇಳಿಯೋ ತೂತು, ಹಿಂದಿನ ಡೋರಿನ ಹಿಂಜು, ಬೋಲ್ಟ್‌ಗಳಿಗೆ ಮೊದಲೇ ಟೇಪ್ ಹಚ್ಚಿ.

ಮಳೆ, ಮಂಜಿನ ದಿನ ಬೇಡ. ಹಾರ್ಡ್ನರ್ ನೀರಿನ ಜೊತೆ ಸೇರಿದ್ರೆ ಕಾರ್ಬನ್ ಡೈ ಆಕ್ಸೈಡ್ ಹುಟ್ಟಿ ಪದರದಲ್ಲಿ ಗುಳ್ಳೆ ಏಳುತ್ತೆ. ಫೆಬ್ರವರಿ, ಮಾರ್ಚ್‌ನಲ್ಲಿ ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಶುರು ಮಾಡಿ. ಮುಟ್ಟಿದ್ರೆ ಒಣಗಿದೆ ಅನ್ನಿಸಿದ್ರೂ ಡಬ್ಬಿಯಲ್ಲಿ ಹೇಳಿದಷ್ಟು ದಿನ ಲೋಡ್ ಹಾಕಬೇಡಿ. ಬಾಡಿಗೆ ಟ್ರಿಪ್ ಇಲ್ಲದ ವಾರ ನೋಡ್ಕೊಂಡೇ ಕೆಲಸ ಇಟ್ಕೊಳ್ಳಿ.

ಇಷ್ಟೆಲ್ಲಾ ಉಜ್ಜೋ ಪುರುಸೊತ್ತು ಇಲ್ಲ ಅನ್ನೋರು ಲೈನರ್ ದುಡ್ಡು ಉಳಿಸಿ. ಪ್ರತಿ ಲೋಡ್ ಆದ್ಮೇಲೆ ಬಾಡಿ ತೊಳೆದು ಒಣಗಿಸಿ, ಗೀರಿಗೆ ಟಚಪ್ ಪೇಂಟ್ ಹಚ್ಚಿ. ಅರ್ಧಂಬರ್ಧ ಹಾಕಿದ ಲೈನರ್‌ಗಿಂತ ಅದೇ ವಾಸಿ. ತಗಡು ತೂತಾದ್ರೆ ವೆಲ್ಡಿಂಗ್ ಅಂಗಡಿ ಇದೆ. ಶ್ವಾಸಕೋಶಕ್ಕೆ ಅಂಥ ಅಂಗಡಿ ಇಲ್ಲ.