ಟಿಕೆಟ್ ಮೇಲೆ ಇಳಿತದ ಹೊತ್ತನ್ನೂ ಬರೆಯಿರಿ

ಸೀತಾನದಿಯ ಹಿನ್ನೀರಿನಲ್ಲಿ ಕಯಾಕ್ ಹತ್ತಲು ಫೋನಿನಲ್ಲಿ ಜಾಗ ಕಾಯ್ದಿರಿಸಿದಾಗ ನಮಗೆ ಎಲ್ಲವನ್ನೂ ಹೇಳಿದರು. ತಲೆಗೆ ಎಷ್ಟು ದುಡ್ಡು, ಲೈಫ್ ಜಾಕೆಟ್ ಅವರದೇ, ಬಟ್ಟೆ ಬದಲಿಸಲು ಕೋಣೆ ಇದೆ, ಸಂಜೆ ನಾಲ್ಕಕ್ಕೆ ಬಂದರೆ ಸೂರ್ಯಾಸ್ತ ಸಿಗುತ್ತದೆ. ಅಂದು ನೀರು ಎಷ್ಟು ಹೊತ್ತಿಗೆ ಏರುತ್ತದೆ, ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂಬುದನ್ನು ಮಾತ್ರ ಹೇಳಲಿಲ್ಲ. ಕೈಗೆ ಕೊಟ್ಟ ಚೀಟಿಯಲ್ಲೂ ಅದು ಇರಲಿಲ್ಲ. ಅಳಿವೆಯಲ್ಲಿ ದೋಣಿ ಬಿಡುವವರು ಮೊದಲು ಹೇಳಬೇಕಾದ ಸಂಗತಿ ಅದೇ ಎಂಬುದು ನನ್ನ ವಾದ.

ನಾವು ನೀಲಗಿರಿಯ ಇತ್ತಲಾರಿನವರು. ಮೇ ತಿಂಗಳಲ್ಲಿ ಊಟಿಗೆ ಜನ ಏರಿ ಬರುವಾಗ ನಮ್ಮ ಹಟ್ಟಿಯ ಕೆಲವು ಮನೆಯವರು ಸೇರಿ ಕಡಲ ಕಡೆಗೆ ಇಳಿಯುತ್ತೇವೆ. ನಮಗೆ ಗೊತ್ತಿರುವ ದೊಡ್ಡ ನೀರೆಂದರೆ ಎಮರಾಲ್ಡ್, ಅವಲಾಂಚಿ ಅಣೆಕಟ್ಟುಗಳದ್ದು. ಬೇಸಿಗೆಯಲ್ಲಿ ಆ ನೀರು ಇಳಿಯುವುದಕ್ಕೆ ವಾರಗಳು ಬೇಕು. ಅಳಿವೆಯ ನೀರು ಹಾಗಲ್ಲ, ಆರು ಗಂಟೆ ಏರಿ ಆರು ಗಂಟೆ ಇಳಿಯುತ್ತದೆ. ಆ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಬೆಟ್ಟದವರಿಗಾಗಲಿ ಬೆಂಗಳೂರಿನವರಿಗಾಗಲಿ ಇದು ತಾನಾಗಿ ಹೊಳೆಯುವ ವಿಷಯವಲ್ಲ, ಯಾರಾದರೂ ಹೇಳಬೇಕು.

ನಾವು ಹೋದದ್ದು ಹುಣ್ಣಿಮೆಯ ಆಸುಪಾಸು. ನಮ್ಮ ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಉಬ್ಬರ ಹೆಚ್ಚುಕಡಿಮೆ ನಡುಹಗಲಿಗೆ ತುಂಬುತ್ತದೆ. ಅಂದರೆ ಸೂರ್ಯ ಮುಳುಗುವ ಹೊತ್ತಿಗೆ ನೀರು ತಳ ಕಂಡಿರುತ್ತದೆ. ಇಳಿತ ಶುರುವಾದ ಮೊದಲ ಗಂಟೆ ನೀರು ಮೆಲ್ಲಗೆ ಸರಿಯುತ್ತದೆ, ಮೂರನೆಯ ನಾಲ್ಕನೆಯ ಗಂಟೆಯಲ್ಲಿ ಸೆಳೆತ ಜೋರು. ನಮ್ಮನ್ನು ನೀರಿಗಿಳಿಸಿದ್ದು ಸರಿಯಾಗಿ ಆ ಹೊತ್ತಿಗೆ.

ದಂಡೆಯಲ್ಲಿ ಬುಟ್ಟಿ ಹಿಡಿದು ಚಿಪ್ಪು ಆರಿಸುತ್ತಿದ್ದ ಅಮ್ಮ ಒಬ್ಬರು ನಮ್ಮ ಹುಡುಗರನ್ನು ನೋಡಿ, "ಮಗಾ, ಇಳ್ತ ಜೋರಿತ್ತ್. ಒಳಗ್ ಹೋರೆ ವಾಪಸ್ ಬಪ್ಪುಕೆ ಆತಿಲ್ಲ" ಎಂದರು. ಜೊತೆಗಿದ್ದ ಗೈಡ್ ಹುಡುಗನಿಗೂ ಅದು ಗೊತ್ತಿತ್ತು. ಹೊತ್ತು ನಿಗದಿ ಮಾಡುವ ಅಧಿಕಾರ ಅವನದಾಗಿರಲಿಲ್ಲ.

ಕಾಂಡ್ಲಾ ಗಿಡಗಳ ನಡುವಿನ ಕಿರುಗಾಲುವೆಯಲ್ಲಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಯಾಕ್‌ಗಳ ತಳ ಕೆಸರಿಗೆ ತಾಗಿತು. ಹುಟ್ಟು ಹಾಕಿದರೆ ಬರುತ್ತಿದ್ದದ್ದು ಕರಿ ರಾಡಿ. ಇಳಿದು ತಳ್ಳಲು ಹೋದವರ ಕಾಲು ಮೊಣಕಾಲಿನವರೆಗೆ ಹೂತುಕೊಂಡಿತು. ಕೆಸರಿನಿಂದ ಬೆರಳುದ್ದ ಮೇಲೆದ್ದು ನಿಲ್ಲುವ ಉಸಿರುಬೇರುಗಳ ನಡುವೆ ಕಾಲಿಡಲು ಜಾಗವಿಲ್ಲ. ಕಮಾನಿನಂತೆ ಬಾಗಿದ ದೊಡ್ಡ ಬೇರುಗಳಿಗೆ ಸಿಂಪಿ ಅಂಟಿಕೊಂಡಿರುತ್ತದೆ, ಅದರ ಅಂಚು ಬ್ಲೇಡಿಗಿಂತ ಹರಿತ. ಆಸರೆಗೆಂದು ಬೇರು ಹಿಡಿದ ನನ್ನ ತಂಗಿಯ ಮಗನ ಅಂಗೈ ಸೀಳಿತು. ನಾವು ಕಾಲಡಿ ತುಳಿದು ಮುರಿದದ್ದು ಆ ಗಿಡಗಳ ಉಸಿರನ್ನೇ ಎಂಬುದು ನನಗೆ ಈಗಲೂ ನೋವಿನ ವಿಷಯ. ನೀರು ತುಂಬಿದ್ದಾಗ ಕಯಾಕ್ ಅವುಗಳ ಮೇಲೆ ಒಂದು ಗೀರೂ ಬೀಳದಂತೆ ತೇಲಿ ಹೋಗುತ್ತದೆ.

ಹೊರಗೆ ಅಗಲ ನೀರಿನಲ್ಲಿದ್ದವರ ಪಾಡು ಇನ್ನೂ ಭಯದ್ದು. ಸೀತೆಯೂ ಸುವರ್ಣೆಯೂ ಕೂಡಿ ಕೋಡಿಬೆಂಗ್ರೆಯಲ್ಲಿ ಸಮುದ್ರ ಸೇರುತ್ತವೆ. ಇಳಿತದ ಸೆಳೆತ ಕಯಾಕನ್ನು ಆ ಬಾಯಿಯ ಕಡೆಗೇ ಒಯ್ಯುತ್ತದೆ, ಬೇಸಿಗೆಯ ಮಧ್ಯಾಹ್ನದ ಗಾಳಿ ಸಮುದ್ರದಿಂದ ಎದುರು ಬೀಸುತ್ತದೆ. ಇವೆರಡೂ ಗುದ್ದಾಡುವ ಕಡೆ ಅಲೆಗಳು ಗಿಡ್ಡವಾಗಿ, ಒತ್ತೊತ್ತಾಗಿ ಏಳುತ್ತವೆ. ಹೊಸಬರು ಅಲ್ಲಿ ಮಗುಚಲು ಹೆಚ್ಚು ಹೊತ್ತು ಬೇಡ. ನಮ್ಮವರನ್ನು ಗೈಡ್ ಹುಡುಗರು ಹಗ್ಗ ಕಟ್ಟಿ ಎಳೆದು ತಂದರು. ಅವರ ಋಣ ದೊಡ್ಡದು.

ಗೂಡಲೂರಿನ ಘಟ್ಟ ಇಳಿದರೆ ಸಿಗುವ ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ, 2023ರ ಮೇ 7ರಂದು, ಅಳಿವೆಯಲ್ಲೇ ವಿಹಾರದೋಣಿ ಮಗುಚಿ 22 ಜನ ಸತ್ತರು. ಸತ್ತವರಲ್ಲಿ ಮಕ್ಕಳೇ ಹೆಚ್ಚು. ಅಲ್ಲಿ ಕೊಂದದ್ದು ಇಳಿತವಲ್ಲ, ಮಿತಿಮೀರಿ ತುಂಬಿದ ಜನ. ಆದರೂ ಕತ್ತಲಾದ ಮೇಲೆ ಆ ದೋಣಿ ಹೊರಟದ್ದು, ಜನ ಇದ್ದಾರೆ, ದುಡ್ಡು ಬರುತ್ತದೆ ಎಂಬ ಲೆಕ್ಕದಲ್ಲೇ. ಹೊರಡುವ ಹೊತ್ತನ್ನು ಗಿರಾಕಿಯ ಬಿಡುವು ನೋಡಿ ಗೊತ್ತುಮಾಡುವ ಕಡೆಯೆಲ್ಲ ಈ ಅಪಾಯ ಇದ್ದೇ ಇದೆ.

ಹೊತ್ತಿಗೆ ತಲೆಬಾಗುವುದು ನಮ್ಮ ಕಡೆಯವರಿಗೆ ಹೊಸದಲ್ಲ. ಮೈಸೂರಿನಿಂದ ನಮ್ಮೂರಿಗೆ ಬರುವ ಕಾಡುದಾರಿಯಲ್ಲಿ ಬಂಡೀಪುರದ ಗೇಟು ರಾತ್ರಿ 9ಕ್ಕೆ ಮುಚ್ಚಿ ಬೆಳಗ್ಗೆ 6ಕ್ಕೆ ತೆರೆಯುತ್ತದೆ. ಮೈಸೂರಿನಲ್ಲಿ ಮದುವೆ ಊಟ ಅರ್ಧಕ್ಕೇ ಬಿಟ್ಟು ಎದ್ದು ಬಂದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಹೊತ್ತು ಮೊದಲೇ ತಿಳಿದಿದ್ದರೆ ಅದಕ್ಕೆ ತಕ್ಕಂತೆ ಹೊರಡುತ್ತೇವೆ, ಅಷ್ಟೇ. ಇಳಿತವೂ ಅಂಥದೇ ಒಂದು ಗೇಟು.

ಇದಕ್ಕೆ ಹೊಸ ಸಂಶೋಧನೆಯೇನೂ ಬೇಕಿಲ್ಲ. ಸರ್ವೇ ಆಫ್ ಇಂಡಿಯಾ ಇಡೀ ವರ್ಷದ ಉಬ್ಬರ ಇಳಿತಗಳ ಕೋಷ್ಟಕವನ್ನು ಮೊದಲೇ ಲೆಕ್ಕಹಾಕಿ ಅಚ್ಚು ಹಾಕುತ್ತದೆ. ಮೀನುಗಾರರ ಮನೆಯಲ್ಲಿ ತಿಥಿ ನೋಡಿಯೇ ಹೇಳಿಬಿಡುತ್ತಾರೆ. ಭಾನುವಾರ ಸಂಜೆಯ ವ್ಯಾಪಾರ ಹೋಗುತ್ತದೆ ಎಂಬ ಅಂಜಿಕೆ ದೋಣಿ ಬಿಡುವವರಿಗೆ ಇರಬಹುದು. ಆ ಅಂಜಿಕೆ ಬೇಕಿಲ್ಲ. ಅಷ್ಟಮಿಯ ಸುತ್ತಿನ ದಿನಗಳಲ್ಲಿ ಉಬ್ಬರ ಸಂಜೆಯ ಹೊತ್ತಿಗೆ ತುಂಬುತ್ತದೆ, ಏರಿಳಿತವೂ ಸಣ್ಣದು. ಸೂರ್ಯಾಸ್ತದ ಟಿಕೆಟ್ಟನ್ನು ಆಗ ಮಾರಲಿ. ಹುಣ್ಣಿಮೆ, ಅಮಾವಾಸ್ಯೆಯ ವಾರಾಂತ್ಯದಲ್ಲಿ ಬೆಳಗ್ಗೆ ಒಂಬತ್ತಕ್ಕೆ, ಏರುವ ನೀರಿನ ಜೊತೆಗೇ ಕಾಂಡ್ಲಾದೊಳಕ್ಕೆ ಕರೆದೊಯ್ದು ಊಟದ ಹೊತ್ತಿಗೆ ದಡ ಸೇರಿಸಲಿ.

ದೋಣಿ ಬಿಡಲು ಅನುಮತಿ ಕೊಡುವವರು, ಅದು ಪಂಚಾಯಿತಿಯಾಗಲಿ ಇಲಾಖೆಯಾಗಲಿ, ಒಂದು ಷರತ್ತು ಸೇರಿಸಲಿ: ಆ ದಿನದ ಉಬ್ಬರ, ಇಳಿತದ ಹೊತ್ತು ಟಿಕೆಟ್ ಮೇಲೆ ಇರಬೇಕು, ಜೆಟ್ಟಿಯ ಬಳಿ ಕರಿಹಲಗೆಯಲ್ಲಿ ಕನ್ನಡದಲ್ಲಿ ಬರೆದಿರಬೇಕು. ನೀರು ಸಾಲದು ಎಂದು ಗೈಡ್ ಹೇಳಿದರೆ ಅವನ ಮಾತೇ ಕೊನೆ, ಗಿರಾಕಿಯ ದುಡ್ಡು ಅಲ್ಲೇ ವಾಪಸ್. ಮುಂದಿನ ಬೇಸಿಗೆ ಶುರುವಾಗುವ ಮುಂಚೆ ಇದಾಗಬೇಕು.